ಮೂಕಿ ತಾರೆಯರು ಟಾಕಿಗೆ ಬಂದಾಗ ಎಡವಿದ್ದೆಲ್ಲಿ: ಗಂಟಲಲ್ಲೋ, ಮೈಕಿನಲ್ಲೋ, ಕರಾರುಪತ್ರದಲ್ಲೋ?

ಮೂಕಿಪ್ರಿಯ:
"ದನಿ ಚೆನ್ನಾಗಿರಲಿಲ್ಲ, ಅದಕ್ಕೇ ಟಾಕಿ, ಅಂದರೆ ಮಾತಿನ ಚಿತ್ರ, ಬಂದಾಗ ಮೂಕಿ ಕಾಲದ ನಟರು ಮೂಲೆಗುಂಪಾದರು" ಅಂತ ಒಂದೇ ಸಾಲಿನಲ್ಲಿ ಈ ವಿಷಯ ಮುಗಿಸಿಬಿಡ್ತಾರೆ. ದನಿ ಕೆಟ್ಟ ಮೂಕಿ ತಾರೆಯನ್ನು ಗೇಲಿ ಮಾಡುವ 1952ರ ‘ಸಿಂಗಿಂಗ್ ಇನ್ ದ ರೇನ್’ ನೋಡಿದವರಿಗಂತೂ ಅದೇ ಇತಿಹಾಸ. ನನಗೆ ಹಾಗನ್ನಿಸೋದಿಲ್ಲ. ಒಬ್ಬೊಬ್ಬರದನ್ನೇ ತೆಗೆದು ನೋಡಿದರೆ ನಿಜವಾಗಿ ದನಿಯಿಂದಲೇ ಕೆಟ್ಟವರು ಬೆರಳೆಣಿಕೆಯಷ್ಟು. ಉಳಿದವರಿಗೆ ಅಡ್ಡ ಬಂದದ್ದು ಭಾಷೆ, ಯಂತ್ರ, ಸಂಬಳ. ನಮ್ಮ ಕಡೆ ಇವುಗಳ ಜೊತೆಗೆ ಹಾಡು.

ಹಾಲಿವುಡ್ ಮೂಕಿಗಳ ಪ್ರೇಮನಾಯಕ ಜಾನ್ ಗಿಲ್ಬರ್ಟ್ ಕತೆಯಿಂದಲೇ ಶುರು ಮಾಡೋಣ, ಎಲ್ಲರ ಬಾಯಲ್ಲೂ ಮೊದಲು ಬರೋ ಹೆಸರು ಅದೇ. 1928ರ ಕೊನೆಯಲ್ಲಿ ಎಂಜಿಎಂ ಸ್ಟುಡಿಯೋ ಜೊತೆ ಆತನ ಹೊಸ ಕರಾರು: ಒಂದು ಚಿತ್ರಕ್ಕೆ 2,50,000 ಡಾಲರ್, ಒಟ್ಟು ಆರು ಚಿತ್ರ. 1929ರಲ್ಲಿ ‘ಹಿಸ್ ಗ್ಲೋರಿಯಸ್ ನೈಟ್’ ಬಂತು. ಪ್ರೇಮದ ದೃಶ್ಯದಲ್ಲಿ ಜನ ಗೊಳ್ಳೆಂದರು. ಅಲ್ಲಿಂದ ಇಳಿಜಾರು. 1936ರ ಜನವರಿಯಲ್ಲಿ ತೀರಿಕೊಂಡಾಗ ವಯಸ್ಸು ಇನ್ನೂ ನಲವತ್ತು ಮುಟ್ಟಿರಲಿಲ್ಲ. ದನಿ ಕೀರಲಾಗಿತ್ತು ಅನ್ನೋರು 1933ರ ‘ಕ್ವೀನ್ ಕ್ರಿಸ್ಟಿನಾ’ ಕೇಳಿ. ಸಾಧಾರಣ ಮಧ್ಯಮ ಸ್ಥಾಯಿಯ ಗಂಡುದನಿ.

ರೀಲುಪೆಟ್ಟಿಗೆ:
ಗಿಲ್ಬರ್ಟ್ ಮೇಲೆ ಸಿಟ್ಟಿದ್ದ ಎಂಜಿಎಂ ಮುಖ್ಯಸ್ಥ ಲೂಯಿ ಮೇಯರ್, ಧ್ವನಿ ವಿಭಾಗಕ್ಕೆ ಹೇಳಿ ಮಂದ್ರವನ್ನೆಲ್ಲ ಕತ್ತರಿಸಿ ದನಿ ಕೆಡಿಸಿದ ಅನ್ನೋ ಕತೆಯೂ ಇದೆಯಲ್ಲ ಸರ್?

ಧ್ವನಿಗಾರ:
ಅದನ್ನು ತಾಂತ್ರಿಕವಾಗಿ ಒಪ್ಪೋದು ಕಷ್ಟ. ಆಗ ಒಬ್ಬೊಬ್ಬ ನಟನಿಗೆ ಒಂದೊಂದು ಟ್ರ್ಯಾಕ್ ಇರಲಿಲ್ಲ. ದೃಶ್ಯದಲ್ಲಿ ಇರುವ ಎರಡು ಮೂರು ಮೈಕುಗಳನ್ನು ಮಿಕ್ಸರ್ ಮುಂದೆ ಕೂತವನು ಆ ಕ್ಷಣದಲ್ಲೇ ಬೆರೆಸಿ ಒಂದೇ ಟ್ರ್ಯಾಕಿಗೆ ಕಳಿಸುತ್ತಿದ್ದ. ನಾಯಕನ ಮಂದ್ರ ಕತ್ತರಿಸಿದರೆ ಅದೇ ಮೈಕಿನ ಮುಂದೆ ನಿಂತ ಮಿಕ್ಕವರ ದನಿಯೂ ತೆಳುವಾಗಬೇಕಿತ್ತಲ್ಲ.

ಗಂಡಸರ ದನಿ ಒಟ್ಟಾರೆ ತೆಳುವಾಗಿ ಕೇಳುತ್ತಿದ್ದದ್ದು ಮಾತ್ರ ನಿಜ. ತಪ್ಪು ಚಿತ್ರಮಂದಿರದ ಹಾರ್ನ್ ಸ್ಪೀಕರುಗಳದ್ದು. ಕೆಳಗಿನ ಕಂಪನಾಂಕಗಳು ಅವುಗಳಲ್ಲಿ ಸರಿಯಾಗಿ ಬರುತ್ತಿರಲಿಲ್ಲ. ಮೇಲಿನ ಕಡೆಯೂ ಬೇಗ ಕತ್ತರಿಸಿ ಹೋಗುತ್ತಿತ್ತು, ಹಾಗಾಗಿ ‘ಸ’, ‘ಶ’, ‘ಫ’ ಇಂಥ ಅಕ್ಷರಗಳು ಒಂದಕ್ಕೊಂದು ಕಲೆತು ಕೇಳುತ್ತಿದ್ದವು. ಎರಡೂ ತುದಿ ಹೋದ ಮೇಲೆ ಉಳಿಯೋದು ಮಧ್ಯದ ಪಟ್ಟಿ, ಹಳೇ ಟೆಲಿಫೋನಿನ ದನಿ. ಅದರ ಮೇಲೆ, ಮೈಕಿಗೆ ಕೇಳಲಿ ಅಂತ ನಟ ಗಂಟಲೆತ್ತಿ ಬಿಡಿಸಿ ಬಿಡಿಸಿ ಮಾತಾಡಿದರೆ ಮುಗೀತು ಕತೆ.

ಮೂಕಿಪ್ರಿಯ:
ಗಿಲ್ಬರ್ಟ್ ವಿಷಯದಲ್ಲಿ ದೊಡ್ಡ ತಪ್ಪು ಸಂಭಾಷಣೆಯದ್ದು. ಮೂಕಿಯಲ್ಲಿ ಪ್ರೇಮ ನಿವೇದನೆ ಅಂದರೆ ಕಣ್ಣು, ಉಸಿರು, ಕೈ. ಮಧ್ಯೆ ಒಂದು ಶೀರ್ಷಿಕೆ ಫಲಕ. ಮಾತನ್ನು ಪ್ರೇಕ್ಷಕ ತನ್ನ ಮನಸ್ಸಿನಲ್ಲೇ ತುಂಬಿಕೊಳ್ಳುತ್ತಿದ್ದ. ಟಾಕಿಯಲ್ಲಿ ಅದೇ ತೀವ್ರತೆಯ ಮುಖವಿಟ್ಟುಕೊಂಡು "ಐ ಲವ್ ಯೂ, ಐ ಲವ್ ಯೂ" ಅಂತ ಮತ್ತೆ ಮತ್ತೆ ಹೇಳಿಸಿದರು. ಒಂದೇ ಭಾವವನ್ನು ಮುಖದಲ್ಲೂ ಹೇಳಿ ಬಾಯಲ್ಲೂ ಹೇಳಿದರೆ ನಗು ಬಾರದೆ ಇನ್ನೇನು? 1932ರ ‘ಡೌನ್‌ಸ್ಟೇರ್ಸ್’ನಲ್ಲಿ ತಾನೇ ಬರೆದ ಕತೆಯಲ್ಲಿ ಆತ ಕಪಟಿ ಡ್ರೈವರ್. ಅಳುಕಿಲ್ಲದೆ ಮಾತಾಡುತ್ತಾನೆ. ಅಷ್ಟು ಹೊತ್ತಿಗೆ ಮಾರುಕಟ್ಟೆ ಕೈಬಿಟ್ಟಿತ್ತು, ಅಷ್ಟೇ.

ಬಾಲ್ಕನಿ_ಸೀಟು:
ಸಂಬಳದ ಮಾತು ಎತ್ತಿದ್ದೀರಿ, ಅದಕ್ಕೆ ನಟಿ ಲೂಯಿಸ್ ಬ್ರೂಕ್ಸ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1928ರಲ್ಲಿ ಆಕೆಗೆ ಕೊಡಬೇಕಿದ್ದ ಸಂಬಳದ ಏರಿಕೆಯನ್ನು ಪ್ಯಾರಾಮೌಂಟ್ ಕಂಪನಿ ತಡೆಹಿಡಿಯಿತು. ಟಾಕಿ ಬರ್ತಿದೆ, ಇದೇ ಸಂಬಳಕ್ಕಿದ್ದರೆ ಇರು, ಇಲ್ಲವಾದರೆ ಹೋಗು ಅನ್ನೋ ಧಾಟಿ. ಆಕೆ ಬರ್ಲಿನ್ನಿಗೆ ಹೋದಳು. ಮೂಕಿಯಾಗಿ ಮುಗಿದಿದ್ದ ‘ದ ಕೆನರಿ ಮರ್ಡರ್ ಕೇಸ್’ ಅನ್ನು ಟಾಕಿ ಮಾಡಲು ವಾಪಸ್ ಕರೆದರು, ಆಕೆ ಬರಲಿಲ್ಲ. ಮಾರ್ಗರೆಟ್ ಲಿವಿಂಗ್‌ಸ್ಟನ್ ದನಿ ಹಾಕಿಸಿ 1929ರಲ್ಲಿ ಬಿಡುಗಡೆ ಮಾಡಿದರು. ಬ್ರೂಕ್ಸ್ ದನಿ ಟಾಕಿಗೆ ಒಗ್ಗೋದಿಲ್ಲ ಅಂತ ಸುದ್ದಿಯೂ ಹಬ್ಬಿತು. ಆಕೆ ಮೈಕಿನ ಮುಂದೆ ಬಾಯೇ ಬಿಟ್ಟಿರಲಿಲ್ಲ ಮಾರಾಯ್ರೆ!

ಹೊಸ ಯಂತ್ರಕ್ಕೆ ಸುರಿಯೋ ದುಡ್ಡನ್ನು ಹಳೇ ಕರಾರುಗಳಲ್ಲಿ ಉಳಿಸೋ ಲೆಕ್ಕ ಅದು. ‘ಧ್ವನಿ ಪರೀಕ್ಷೆ’ ಅನ್ನೋದು ಒಳ್ಳೇ ನೆಪವಾಯಿತು.

ಕಾವೇರಿತೀರ:
ಎಲ್ಲವನ್ನೂ ಕಂಪನಿಗಳ ತಲೆಗೆ ಕಟ್ಟಬೇಡಿ. ಉಚ್ಚಾರಣೆ ನಿಜವಾದ ತೊಡಕೇ. ವಿಲ್ಮಾ ಬ್ಯಾಂಕಿಯ ಹಂಗೇರಿಯನ್ ಉಚ್ಚಾರ ಅಮೆರಿಕನ್ ನಾಯಕಿಯ ಪಾತ್ರಕ್ಕೆ ಹೊಂದಲಿಲ್ಲ. ಮೊಟ್ಟಮೊದಲ ಅತ್ಯುತ್ತಮ ನಟ ಆಸ್ಕರ್ ಪಡೆದ ಎಮಿಲ್ ಯಾನಿಂಗ್ಸ್ ಜರ್ಮನಿಗೆ ವಾಪಸಾಗಿ 1930ರ ‘ಬ್ಲೂ ಏಂಜೆಲ್’ ಮಾಡಿದ.

ಆದರೆ ಸ್ವೀಡನ್ನಿನ ನಟಿ ಗ್ರೇಟಾ ಗಾರ್ಬೋ ವಿಷಯದಲ್ಲಿ ಅದೇ ಎಂಜಿಎಂ ಎಷ್ಟು ಜಾಣತನ ತೋರಿಸಿತು ನೋಡಿ. 1929ರ ಉದ್ದಕ್ಕೂ ಆಕೆಯನ್ನು ಮೂಕಿಯಲ್ಲೇ ಇಟ್ಟರು. ಮೊದಲ ಟಾಕಿಗೆ ಆರಿಸಿದ್ದು ‘ಅನ್ನಾ ಕ್ರಿಸ್ಟಿ’, ನಾಯಕಿಯೇ ಸ್ವೀಡಿಷ್ ಮೂಲದವಳು. ಉಚ್ಚಾರ ದೋಷ ಅನ್ನಿಸಬೇಕಾದದ್ದು ಪಾತ್ರದ ಗುಣವಾಯಿತು. ಆಕೆಯ ಬಾಯಿಂದ ಮೊದಲ ಮಾತು ಬರೋದು ಚಿತ್ರ ಶುರುವಾಗಿ ಸುಮಾರು ಕಾಲು ಗಂಟೆಯ ಮೇಲೆ, ಸೇದಿಹೋದ ದನಿಯಲ್ಲಿ ವಿಸ್ಕಿ ಕೇಳುತ್ತಾಳೆ. "ಗಾರ್ಬೋ ಮಾತಾಡ್ತಾಳೆ!" ಅನ್ನೋದೇ ಜಾಹೀರಾತು. ಆಮೇಲೆ ಜರ್ಮನ್ ಆವೃತ್ತಿಯನ್ನೂ ಆಕೆಯಿಂದಲೇ ಬೇರೆ ಮಾಡಿಸಿದರು, ನಿರ್ದೇಶಕ ಜಾಕ್ ಫೆಯ್ಡರ್. ಗಿಲ್ಬರ್ಟ್‌ಗೆ ಇದರಲ್ಲಿ ಅರ್ಧದಷ್ಟು ಯೋಚನೆ ಖರ್ಚು ಮಾಡಿದ್ದರೂ ಸಾಕಿತ್ತು.

ರೀಲುಪೆಟ್ಟಿಗೆ:
ಉಚ್ಚಾರಣೆಗೆ ಇನ್ನೊಂದು ಪರಿಹಾರ ಲಂಡನ್ನಿನಲ್ಲಿ. ಹಿಚ್‌ಕಾಕ್‌ನ ‘ಬ್ಲ್ಯಾಕ್‌ಮೇಲ್’ (1929) ಮೊದಲು ಮೂಕಿಯಾಗಿ ಶುರುವಾಗಿ ನಡುವೆ ಟಾಕಿಯಾಯಿತು. ನಾಯಕಿ ಆನಿ ಒಂಡ್ರಾಗೆ ಗಡುಸಾದ ಚೆಕ್ ಉಚ್ಚಾರ, ಪಾತ್ರವೋ ಲಂಡನ್ ಅಂಗಡಿಯವನ ಮಗಳು. ಆಮೇಲೆ ದನಿ ಸೇರಿಸುವ ವ್ಯವಸ್ಥೆ ಅಲ್ಲಿ ಆಗ ಇರಲಿಲ್ಲ. ಹಾಗಾಗಿ ಜೋನ್ ಬ್ಯಾರಿ ಎಂಬ ನಟಿ ಚೌಕಟ್ಟಿನ ಹೊರಗೆ ಮೈಕ್ ಮುಂದೆ ನಿಂತು ಮಾತಾಡಿದಳು, ಒಂಡ್ರಾ ಕ್ಯಾಮೆರಾ ಮುಂದೆ ತುಟಿ ಅಲ್ಲಾಡಿಸಿದಳು. ಎರಡೂ ಅದೇ ಹೊತ್ತಿಗೆ. ಚಿತ್ರ ನೋಡುವಾಗ ಒಂಡ್ರಾ ಮಾತು ಶುರು ಮಾಡುವ ಮುನ್ನ ಒಂದು ಗಳಿಗೆ ತಡೆಯುವ ಹಾಗೆ ಕಾಣೋದು ಇದರಿಂದಲೇ ಇರಬೇಕು.

ನಾಟಕಕಂಪನಿ:
ಧ್ವನಿಗಾರ ಅವರೇ, ಸೆಟ್ಟಿನ ಮೇಲೆ ನಟನಿಗೆ ಏನೇನು ಬದಲಾಯಿತು ಅನ್ನೋದನ್ನು ಸ್ವಲ್ಪ ಬಿಡಿಸಿ ಬರೀರಿ. ಮೈಕಿಗೆ ಹೆದರಿದರು, ಹೆದರಿದರು ಅಂತಾರೆ. ಹೆದರೋದಕ್ಕೆ ಅಲ್ಲಿ ಏನಿತ್ತು?

ಧ್ವನಿಗಾರ:
ಉದ್ದವಾಗುತ್ತೆ, ಓದಿಕೊಳ್ಳಿ.

ಮೊದಲನೆಯದು ವೇಗ. ಮೂಕಿಯಲ್ಲಿ ಕ್ಯಾಮೆರಾಮನ್ ಕೈಯಲ್ಲೇ ಹಿಡಿಕೆ ತಿರುಗಿಸುತ್ತಿದ್ದ, ಸೆಕೆಂಡಿಗೆ 16ರಿಂದ 22 ಫ್ರೇಮು, ದೃಶ್ಯಕ್ಕೆ ತಕ್ಕ ಹಾಗೆ. ದನಿ ಬಂದ ಮೇಲೆ ಮೋಟಾರು, ಖಾಯಂ 24 ಫ್ರೇಮು, ಅಂದರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ರೀಲು 16ರ ವೇಗದಲ್ಲಿ 16 ನಿಮಿಷ 40 ಸೆಕೆಂಡು ಓಡುತ್ತಿತ್ತು, 24ರಲ್ಲಿ 11 ನಿಮಿಷ ಚಿಲ್ಲರೆ. ಫಿಲಂ ಖರ್ಚು ಒಂದೂವರೆ ಪಟ್ಟು. ಮೂಕಿಯಲ್ಲಿ ಹಿಡಿಕೆ ನಿಧಾನ ಮಾಡಿ ನಟನನ್ನು ಚುರುಕಾಗಿ ತೋರಿಸೋ ಉಪಾಯವೂ ಇದರಿಂದ ಹೋಯಿತು. ಹಾಸ್ಯನಟರಿಗೂ ಸಾಹಸದವರಿಗೂ ಇದು ದೊಡ್ಡ ಹೊಡೆತ.

ಎರಡನೆಯದು ಕ್ಯಾಮೆರಾ ಸದ್ದು. ಕಟಕಟ ಶಬ್ದ ಮೈಕಿಗೆ ಬೀಳಬಾರದು ಅಂತ ಕ್ಯಾಮೆರಾವನ್ನೂ ಕ್ಯಾಮೆರಾಮನ್ನನ್ನೂ ಗಾಜಿನ ಕಿಟಕಿಯಿರೋ ಮುಚ್ಚಿದ ಗೂಡಿನೊಳಗೆ ಹಾಕಿದರು. ಗೂಡು ಓಡಾಡದು. ಕ್ಯಾಮೆರಾ ನಟನ ಬಳಿ ಹೋಗುವ ಬದಲು ನಟನೇ ಅದರ ಕಣ್ಣಳತೆಯಲ್ಲಿ ನಿಲ್ಲಬೇಕಾಯಿತು. ಆಗ ಎಷ್ಟೋ ಕಡೆ ದನಿಯನ್ನು ಫಿಲಂ ಬಿಟ್ಟು ಬೇರೆ, ಗ್ರಾಮಫೋನ್ ತಟ್ಟೆಯಂಥ ಡಿಸ್ಕಿನ ಮೇಲೆ ಮುದ್ರಿಸುತ್ತಿದ್ದರು. ಅದನ್ನು ಕತ್ತರಿಸಿ ಜೋಡಿಸೋಕಾಗೋದಿಲ್ಲ, ಹಾಗಾಗಿ ಎರಡು ಮೂರು ಗೂಡಿನಿಂದ ಒಟ್ಟಿಗೆ ಇಡೀ ದೃಶ್ಯ ಹಿಡಿಯುತ್ತಿದ್ದರು. ಬೆಳಕು ಎಲ್ಲ ಕ್ಯಾಮೆರಾಗೂ ಹೊಂದಬೇಕು, ಅಂದಮೇಲೆ ಯಾವುದಕ್ಕೂ ಚೆನ್ನಾಗಿ ಹೊಂದುವುದಿಲ್ಲ. ಮುಖಕ್ಕೆ ತಕ್ಕ ಬೆಳಕಿನಿಂದಲೇ ಮೆರೆದಿದ್ದ ನಟಿಯರು ಇದ್ದಕ್ಕಿದ್ದಂತೆ ಸಪ್ಪೆಯಾಗಿ ಕಂಡದ್ದಕ್ಕೆ ಅರ್ಧ ಕಾರಣ ಇದು.

ಇನ್ನರ್ಧ ದೀಪ ಮತ್ತು ಬಣ್ಣ. ಕಾರ್ಬನ್ ಆರ್ಕ್ ದೀಪ ಗುಂಯ್‌ಗುಡುತ್ತೆ. ಅದನ್ನು ತೆಗೆದು ಟಂಗ್‌ಸ್ಟನ್ ಬಲ್ಬು ಹಾಕಿದರು. ಅದರ ಬೆಳಕು ಕೆಂಪಿನ ಕಡೆಗೆ ಹೆಚ್ಚು. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲಂಗೆ ಕೆಂಪು ಕಾಣಿಸೋದೇ ಇಲ್ಲ, ಕೆಂಪು ತುಟಿ ಕಪ್ಪಾಗಿ ಬೀಳುತ್ತಿತ್ತು. ಆದ್ದರಿಂದ ಎಲ್ಲ ಬಣ್ಣವೂ ಕಾಣಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲಂ ಖಾಯಂ ಆಯಿತು. ಫಿಲಂ ಬದಲಾದರೆ ಮೇಕಪ್ ಬದಲಾಗಲೇಬೇಕು. ಮೇಕಪ್ ತಯಾರಕ ಮ್ಯಾಕ್ಸ್ ಫ್ಯಾಕ್ಟರ್ ಅದಕ್ಕೆಂದೇ ಹೊಸ ಬಣ್ಣ ತಂದದ್ದು 1928ರಲ್ಲಿ. ವರ್ಷಗಟ್ಟಲೆ ಕನ್ನಡಿ ಮುಂದೆ ಕಲಿತಿದ್ದ ಸ್ವಂತ ಮೇಕಪ್ ಉಪಯೋಗಕ್ಕೆ ಬಾರದೆ ಹೋಯಿತು. ಆ ಬಲ್ಬುಗಳ ಸೆಕೆ ಬೇರೆ. ಸದ್ದಾಗುತ್ತೆ ಅಂತ ಫ್ಯಾನೂ ಹಾಕೋ ಹಾಗಿಲ್ಲ.

ಕೊನೆಗೆ ಮೈಕು. ಕಂಡೆನ್ಸರ್ ಮೈಕಿಗೆ ಸುಮಾರು 200 ವೋಲ್ಟ್ ಕೊಡಬೇಕು. ಹೊರಗೆ ಬರೋ ಸಂಕೇತ ಎಷ್ಟು ಸೂಕ್ಷ್ಮ ಅಂದರೆ ವಾಲ್ವಿನ ಆಂಪ್ಲಿಫೈಯರ್ ಅದರ ಬೆನ್ನಿಗೇ ಇರಬೇಕು. ಹಾಗಾಗಿ ಅದೊಂದು ಭಾರದ ಡಬ್ಬಿ. ತೇವ ಹೊಕ್ಕರೆ ಚಟಪಟ ಸದ್ದು. ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುತ್ತೆ, ಆದ್ದರಿಂದ ರೇಷ್ಮೆ ಸರಬರ, ಶೂ ಸದ್ದು, ಕಾಗದ ಮಡಿಸೋ ಸದ್ದು ಎಲ್ಲವೂ ಮಾತಿನಷ್ಟೇ ಜೋರು. ಕಾಗದವನ್ನು ನೀರಲ್ಲಿ ತೇವ ಮಾಡಿ ನಟರ ಕೈಗೆ ಕೊಡುತ್ತಿದ್ದರು. ಮೈಕನ್ನು ಹೂದಾನಿಯಲ್ಲೋ ದೀಪದ ಬುಡದಲ್ಲೋ ಅಡಗಿಸಿ, ಅದರ ಹತ್ತಿರ ಬಂದು ಮಾತಾಡು, ಮುಗಿಸಿ ಆಚೆ ಸರಿ ಅಂತ ಹೇಳುತ್ತಿದ್ದರು. ತಲೆ ಆಚೆ ತಿರುಗಿಸಿದರೆ ಮಾತು ಮಾಯ.

ಬಾಲ್ಕನಿ_ಸೀಟು:
ಕ್ಲಾರಾ ಬೋ ಹೆದರಿದ್ದು ಇದಕ್ಕೇ. ಸೆಟ್ಟಿನಲ್ಲಿ ಎಲ್ಲೆಂದರಲ್ಲಿ ಓಡಾಡುತ್ತ ನಟಿಸುತ್ತಿದ್ದವಳು ಆಕೆ. 1929ರ ‘ದ ವೈಲ್ಡ್ ಪಾರ್ಟಿ’ಯಲ್ಲಿ ನಿರ್ದೇಶಕಿ ಡೊರೊಥಿ ಆರ್ಜ್‌ನರ್ ಮೈಕನ್ನು ಗಳುವಿಗೆ ಕಟ್ಟಿ ಆಕೆಯ ತಲೆಯ ಮೇಲೆ ಹಿಂಬಾಲಿಸುವಂತೆ ಮಾಡಿಸಿದರು ಅನ್ನೋದು ಪ್ರಸಿದ್ಧ. ಬೂಮ್ ಮೈಕ್ ಮೊದಲು ಯಾರದ್ದು ಅನ್ನೋದಕ್ಕೆ ಹಕ್ಕುದಾರರು ಹಲವರಿದ್ದಾರೆ, ಆ ಜಗಳ ಇಲ್ಲಿ ಬೇಡ. ಆಕೆಯ ಬ್ರೂಕ್ಲಿನ್ ಉಚ್ಚಾರಕ್ಕೆ ಪತ್ರಿಕೆಗಳು ನಕ್ಕವು, ಚಿತ್ರ ಓಡಿತು. 1933ರಲ್ಲಿ ಆಕೆ ನಿಲ್ಲಿಸಿದ್ದಕ್ಕೆ ದನಿಯೊಂದೇ ಕಾರಣವಲ್ಲ.

ಇನ್ನೊಂದು ಸೇರಿಸ್ತೀನಿ. ಮೂಕಿಯಲ್ಲಿ ಕ್ಯಾಮೆರಾ ಓಡುವಾಗಲೇ ನಿರ್ದೇಶಕ ಕೂಗಿ ಹೇಳಿಕೊಡುತ್ತಿದ್ದ, ಭಾವ ಬರಲಿ ಅಂತ ಪಕ್ಕದಲ್ಲಿ ಪಿಟೀಲು ನುಡಿಸುವವರೂ ಇರುತ್ತಿದ್ದರು. ಟಾಕಿ ಬಂದ ದಿನ ಎರಡೂ ಬಂದ್.

ಕಾವೇರಿತೀರ:
ಗೆದ್ದವರನ್ನೂ ಹೇಳಿಬಿಡಿ, ಇಲ್ಲವಾದರೆ ಎಲ್ಲರೂ ಮುಳುಗಿದರು ಅನ್ನೋ ಹಾಗಾಗುತ್ತೆ. ರೊನಾಲ್ಡ್ ಕೋಲ್ಮನ್ 1929ರ ‘ಬುಲ್‌ಡಾಗ್ ಡ್ರಮಂಡ್’ನಿಂದ ಇನ್ನೂ ಮೇಲೇರಿದ. ಲಾನ್ ಚಾನಿ 1930ರಲ್ಲಿ ಒಂದೇ ಚಿತ್ರದಲ್ಲಿ ಐದು ದನಿ ಮಾಡಿ, ಎಲ್ಲವೂ ತನ್ನದೇ ಅಂತ ಪ್ರಮಾಣಪತ್ರಕ್ಕೆ ಸಹಿ ಹಾಕಿದ. ಪಾಪ, ಅದೇ ವರ್ಷ ತೀರಿಕೊಂಡ. ಚಾಪ್ಲಿನ್ 1931ರ ‘ಸಿಟಿ ಲೈಟ್ಸ್’ವರೆಗೂ ಬಾಯಿ ಬಿಡಲಿಲ್ಲ, ಪೂರ್ತಿ ಮಾತಾಡಿದ್ದು 1940ರಲ್ಲಿ. ಆತ ತನ್ನ ದುಡ್ಡಿನಲ್ಲಿ, ತನ್ನ ಸ್ಟುಡಿಯೋದಲ್ಲಿ ಮಾಡುತ್ತಿದ್ದ, ನಡೆಯಿತು. ಹಾಸ್ಯನಟ ಬಸ್ಟರ್ ಕೀಟನ್ ಎಂಜಿಎಂ ಸಂಬಳಗಾರ. ದನಿ ಗಟ್ಟಿಯಾಗೇ ಇತ್ತು, ಕತೆಯ ಮೇಲಿನ ಹಿಡಿತ ಹೋಯಿತು.

ನಾಟಕಕಂಪನಿ:
ಈಗ ನಮ್ಮ ದೇಶಕ್ಕೆ ಬನ್ನಿ. ಭಾರತದ ಮೊದಲ ಟಾಕಿ ‘ಆಲಂ ಆರಾ’, 14 ಮಾರ್ಚ್ 1931, ಬೊಂಬಾಯಿಯ ಮೆಜೆಸ್ಟಿಕ್. ಇಂಪೀರಿಯಲ್ ಕಂಪನಿಯ ಅರ್ದೇಶಿರ್ ಇರಾನಿ ನಾಯಕನ ಪಾತ್ರಕ್ಕೆ ಮಾಸ್ಟರ್ ವಿಠ್ಠಲ್ ಅವರನ್ನು ತಂದರು. ಕತ್ತಿವರಸೆಯ ಸ್ಟಂಟ್ ಚಿತ್ರಗಳ ರಾಜ. ಅವರು ಆಗ ಶಾರದಾ ಕಂಪನಿಯ ಕರಾರಿನಲ್ಲಿದ್ದರು. ಶಾರದಾದವರು ಕೋರ್ಟಿಗೆ ಹೋದರು. ವಿಠ್ಠಲ್ ಪರ ವಾದಿಸಿ ಗೆಲ್ಲಿಸಿದ್ದು ಮಹಮ್ಮದ್ ಅಲಿ ಜಿನ್ನಾ. ಇಷ್ಟೆಲ್ಲ ಮಾಡಿ ತಂದರೆ ಹಿಂದೂಸ್ತಾನಿ ಮಾತು ಸರಿಯಾಗಿ ಹೊರಳಲಿಲ್ಲ. ಹಾಗಾಗಿ ಬಹುಪಾಲು ಅರೆಪ್ರಜ್ಞೆಯಲ್ಲಿರೋ ಪಾತ್ರವಾಗಿ ಅವರನ್ನು ತೋರಿಸಬೇಕಾಯಿತು! ದೊಡ್ಡ ತಾರೆ ಬೇಕು, ಮಾತು ಬೇಡ. ಇದಕ್ಕಿಂತ ನೇರವಾದ ಉದಾಹರಣೆ ಹಾಲಿವುಡ್ಡಿನಲ್ಲೂ ಸಿಗಲಿಕ್ಕಿಲ್ಲ. ಆಮೇಲೆ ಅವರು ಮರಾಠಿ ಟಾಕಿಗಳಲ್ಲಿ ನಾಯಕರಾದರು. ದನಿಗೆ ಏನೂ ಆಗಿರಲಿಲ್ಲ, ನೋಡಿ.

ಧ್ವನಿಗಾರ:
‘ಆಲಂ ಆರಾ’ದ ಯಂತ್ರವನ್ನೂ ಹೇಳಲೇಬೇಕು. ತಾನಾರ್ ಅನ್ನೋ ಸಿಂಗಲ್ ಸಿಸ್ಟಂ. ಚಿತ್ರ, ದನಿ ಎರಡೂ ಒಂದೇ ನೆಗೆಟಿವ್ ಮೇಲೆ, ಅದೇ ಕ್ಯಾಮೆರಾದೊಳಗೆ. ಅಗ್ಗ, ಆದರೆ ಸಂಕಲನಕ್ಕೆ ಯಮಯಾತನೆ. ಫಿಲಂ ಚಿತ್ರ ಬೀಳುವ ಕಿಂಡಿಯಲ್ಲಿ (ಗೇಟು) ತಡೆತಡೆದು ಓಡುತ್ತೆ, ದನಿಯ ಕಡೆ ಸಮವಾಗಿ ಓಡಬೇಕು. ಆದ್ದರಿಂದ ದನಿ ಅದರ ಚಿತ್ರದ ಪಕ್ಕದಲ್ಲೇ ಇರೋದಿಲ್ಲ. ಪ್ರಿಂಟಿನಲ್ಲಿ ಪ್ರಮಾಣಿತ ಅಂತರ 20 ಫ್ರೇಮು, ಅಂದರೆ 15 ಅಂಗುಲ, ಸಮಯದಲ್ಲಿ ಒಂದು ಸೆಕೆಂಡಿನ ಆರು ಭಾಗದಲ್ಲಿ ಐದು ಭಾಗ. ಚಿತ್ರ ನೋಡಿ ಕತ್ತರಿ ಹಾಕಿದರೆ ಮಾತು ನಡುವೆ ತುಂಡಾಗುತ್ತೆ. ಅದಕ್ಕೆ ದಾರಿ ಒಂದೇ: ಪ್ರತಿ ಶಾಟಿನ ತುದಿಮೊದಲಲ್ಲಿ ನಟ ಸುಮಾರು ಒಂದು ಸೆಕೆಂಡು ಬಾಯಿ ಮುಚ್ಚಿಕೊಂಡಿರಬೇಕು. ಆ ಕಾಲದ ಟಾಕಿಗಳಲ್ಲಿ ಒಬ್ಬ ಮಾತು ಮುಗಿಸಿ ಇನ್ನೊಬ್ಬ ಶುರು ಮಾಡುವ ನಡುವೆ ಬರೋ ಆ ವಿಚಿತ್ರ ಖಾಲಿತನವನ್ನು ಬರೀ ಪೆದ್ದು ನಟನೆ ಅಂತ ಬೈಯ್ಯಬೇಡಿ.

ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ರಾತ್ರಿ 1ರಿಂದ 4ರ ನಡುವೆ, ಗಾಡಿ ಇಲ್ಲದ ಹೊತ್ತಿನಲ್ಲಿ, ಹೆಚ್ಚಿನ ಚಿತ್ರೀಕರಣ. ಅಮೆರಿಕದ ವಿಲ್ಫೋರ್ಡ್ ಡೆಮಿಂಗ್ ಯಂತ್ರ ಜೋಡಿಸಿಕೊಟ್ಟ. ಆತನ ಕೂಲಿ ದಿನಕ್ಕೆ 100 ರೂಪಾಯಿ. ಅದು ದುಬಾರಿಯಾಗಿ ಇರಾನಿ ಮತ್ತು ರುಸ್ತುಂ ಭರೂಚಾ ಅವರೇ ಕಲಿತು ಮುದ್ರಿಸಿಕೊಂಡರು.

ರೀಲುಪೆಟ್ಟಿಗೆ:
ಒಂದು ಉಪಪ್ರಶ್ನೆ. ‘ಆಲಂ ಆರಾ’ ಉದ್ದ 10,500 ಅಡಿ ಅಂತಲೂ 124 ನಿಮಿಷ ಅಂತಲೂ ಹಲವೆಡೆ ಅಚ್ಚಾಗಿದೆ. ನಿಮಿಷಕ್ಕೆ 90 ಅಡಿಯ ಲೆಕ್ಕದಲ್ಲಿ 10,500 ಅಡಿ ಅಂದರೆ 116 ನಿಮಿಷ 40 ಸೆಕೆಂಡು. ಎರಡೂ ಒಟ್ಟಿಗೆ ನಿಲ್ಲೋದಿಲ್ಲ. ಪ್ರಿಂಟು ಒಂದೂ ಉಳಿದಿಲ್ಲ, ಹಾಗಾಗಿ ಯಾರಾದರೂ ನಿಮಿಷದ ಲೆಕ್ಕ ಬರೆಯೋದಿದ್ದರೆ ಅಡಿಯನ್ನೂ ಪಕ್ಕದಲ್ಲಿ ಹಾಕಿ.

ಮೂಕಿಪ್ರಿಯ:
ನಮ್ಮಲ್ಲಿ ಬಿದ್ದೆದ್ದವರ ಪೈಕಿ ಸುಲೋಚನಾ ದೊಡ್ಡ ಹೆಸರು. ನಿಜವಾದ ಹೆಸರು ರೂಬಿ ಮೈಯರ್ಸ್, ಪುಣೆಯಲ್ಲಿ ಹುಟ್ಟಿದ ಬಾಗ್ದಾದಿ ಯೆಹೂದಿ ಮನೆತನ, ಮೊದಲು ಟೆಲಿಫೋನ್ ಆಪರೇಟರ್. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಎಂಟು ವೇಷ. ತಿಂಗಳಿಗೆ 5,000 ರೂಪಾಯಿ ಸಂಬಳ ಅಂತ ಹೇಳ್ತಾರೆ. ಟಾಕಿ ಬಂತು, ಹಿಂದೂಸ್ತಾನಿ ಬಾರದು. ಆಕೆ ಸುಮಾರು ಒಂದು ವರ್ಷ ಬಿಡುವು ತಗೊಂಡು ಭಾಷೆ ಕಲಿತರು. ವಾಪಸ್ ಬಂದದ್ದು 1932ರ ‘ಮಾಧುರಿ’ಯಲ್ಲಿ.

ಅಲ್ಲಿಂದ ಮುಂದಿನ ಹೆಜ್ಜೆ ಇನ್ನೂ ಜಾಣತನದ್ದು: ತಮ್ಮದೇ ಮೂಕಿಗಳನ್ನು ಟಾಕಿಯಾಗಿ ಮತ್ತೆ ಮಾಡಿದರು. ‘ಇಂದಿರಾ ಎಂ.ಎ.’ 1934ರಲ್ಲಿ, ‘ಅನಾರ್ಕಲಿ’ 1935ರಲ್ಲಿ, ‘ಬಂಬಯಿ ಕಿ ಬಿಲ್ಲಿ’ 1936ರಲ್ಲಿ. ಕತೆ ಜನಕ್ಕೆ ಗೊತ್ತು, ಪಾತ್ರ ಆಕೆಗೆ ಗೊತ್ತು. ಹೊಸದಾಗಿ ನಿಭಾಯಿಸಬೇಕಿದ್ದದ್ದು ಮಾತು ಮಾತ್ರ. 1973ರ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು.

‘ಲೈಟ್ ಆಫ್ ಏಷ್ಯಾ’ (1925), ‘ಶಿರಾಜ್’ (1928) ಚಿತ್ರಗಳ ಸೀತಾ ದೇವಿ, ಅಂದರೆ ರೆನೀ ಸ್ಮಿತ್, ಟಾಕಿಯಲ್ಲಿ ನೆಲೆಯಾಗಲಿಲ್ಲ. ಮೂಕಿ ಕಾಲದ ಎಷ್ಟೋ ನಾಯಕಿಯರು ಆಂಗ್ಲೋ ಇಂಡಿಯನ್ ಅಥವಾ ಯೆಹೂದಿ ಮನೆತನದವರು, ಮನೆಯಲ್ಲಿ ಆಡುತ್ತಿದ್ದದ್ದು ಇಂಗ್ಲಿಷ್. ಇಡೀ ಒಂದು ತಲೆಮಾರಿಗೆ ಭಾಷೆಯ ಗೋಡೆ ಅಡ್ಡ ನಿಂತಿತು.

ನಾಟಕಕಂಪನಿ:
ಭಾಷೆ ಒಂದು ವರ್ಷದಲ್ಲಿ ಕಲೀಬಹುದು, ಶ್ರುತಿ? ಹಿನ್ನೆಲೆ ಗಾಯನ ನಮ್ಮಲ್ಲಿ ಬಂದದ್ದು 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನ ನಿತಿನ್ ಬೋಸ್ ಅವರ ‘ಭಾಗ್ಯಚಕ್ರ’ ಮತ್ತು ಅದರ ಹಿಂದಿ ರೂಪ ‘ಧೂಪ್ ಛಾಂವ್’ನಲ್ಲಿ. 1931ರಿಂದ ಅಲ್ಲೀವರೆಗೆ ಕ್ಯಾಮೆರಾ ಮುಂದೆ ನಿಂತವರೇ ಹಾಡಬೇಕು. ಹಾರ್ಮೋನಿಯಂ, ತಬಲದವರು ಚೌಕಟ್ಟಿನ ಆಚೆ ಕೂತಿರಬೇಕು. ಮೈಕು ಒಂದೇ ಇದ್ದರೆ ವಾದ್ಯ ಎಷ್ಟು ದೂರ ಅನ್ನೋದೇ ಮಿಕ್ಸಿಂಗು. ತಬಲ ಒಂದು ಮಾರು ಹತ್ತಿರ ಬಂದರೆ ಹಾಡುವವರ ದನಿ ಮುಳುಗಿತು, ದೂರ ಹೋದರೆ ನಟಿಗೆ ಶ್ರುತಿ ಕೇಳಿಸದೆ ಜಾರಿತು. ಕಡೇ ಸಾಲಲ್ಲಿ ತಪ್ಪಿದರೆ ಪೂರ್ತಿ ಹಾಡು ಮತ್ತೆ.

‘ಆಲಂ ಆರಾ’ದಲ್ಲಿ ಹಾಡು ಏಳು. ಅದೇ ವರ್ಷ ಮದನ್ ಥಿಯೇಟರ್ಸ್‌ನ ‘ಶಿರೀನ್ ಫರ್ಹಾದ್’ನಲ್ಲಿ 42. ಮರುವರ್ಷ ‘ಇಂದ್ರಸಭಾ’ದಲ್ಲಿ 70ರ ಆಸುಪಾಸು. ಇಷ್ಟು ಹಾಡೋಕೆ ಮೂಕಿ ತಾರೆಯಿಂದ ಆಗುತ್ತಾ? ರಂಗಭೂಮಿಯ ಜಹಾನಾರಾ ಕಜ್ಜನ್, ಮಾಸ್ಟರ್ ನಿಸಾರ್ ಮುಂದೆ ಬಂದದ್ದು ಹಾಗೆ. ಸಾವಿರ ಜನಕ್ಕೆ ಮೈಕಿಲ್ಲದೆ ಹಾಡಿ ಪಳಗಿದವರು.

ತಮಿಳು, ತೆಲುಗು ಬೆರೆತ ‘ಕಾಳಿದಾಸ್’ (1931) ನಾಯಕಿ ಟಿ.ಪಿ. ರಾಜಲಕ್ಷ್ಮಿ ಮೂಕಿಯಲ್ಲೂ ನಟಿಸಿದ್ದವರು, ನಾಟಕದಲ್ಲೂ ಹಾಡಿದ್ದವರು. ದಾಟಿಕೊಂಡರು.

ಕಾವೇರಿತೀರ:
ಕನ್ನಡದಲ್ಲಿ ಈ ಸಂಕಟವೇ ಕಾಣೋದಿಲ್ಲ, ಕಾರಣ ಸರಳ. ನಮ್ಮಲ್ಲಿ ಮೂಕಿ ತಾರೆ ಅನ್ನಿಸಿಕೊಂಡವರ ದಂಡೇ ಇರಲಿಲ್ಲ. ‘ಮೃಚ್ಛಕಟಿಕ’ ಮೂಕಿಯಲ್ಲಿ ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು, ಆದರೆ ಅದು ಅವರ ಕಸುಬಲ್ಲ. ಟಾಕಿಗೆ ನೇರವಾಗಿ ನಾಟಕ ಕಂಪನಿಯಿಂದಲೇ ಜನ ಬಂದರು. ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್‌ನಲ್ಲಿ ಬಿಡುಗಡೆ. ಸುಬ್ಬಯ್ಯನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನಾ. ಮಾತು, ಹಾಡು ಬೆಳ್ಳಾವೆ ನರಹರಿಶಾಸ್ತ್ರಿಗಳದು. ಎಲ್ಲರೂ ಕಂದ, ವೃತ್ತ ಬಾಯಿಪಾಠ ಇದ್ದವರು.

ಮೂಕಿಪ್ರಿಯ:
ನಿರ್ದೇಶಕರನ್ನೇ ಬಿಟ್ಟಿರಲ್ಲ! ವೈ.ವಿ. ರಾವ್ ಮೂಕಿ ಕಾಲದ ನಟರೇ, ‘ಗರುಡ ಗರ್ವಭಂಗಂ’ (1929) ಮುಂತಾದವುಗಳಲ್ಲಿದ್ದವರು. ಗುಬ್ಬಿ ವೀರಣ್ಣನವರ ಕಂಪನಿಯ ಮೂಕಿ ‘ಹರಿಮಾಯಾ’ವನ್ನೂ ನಿರ್ದೇಶಿಸಿದ್ದರು. ‘ಸತಿ ಸುಲೋಚನಾ’ವನ್ನು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ನಿರ್ದೇಶಿಸಿ, ತಾವೇ ಲಕ್ಷ್ಮಣನಾದರು. 1937ರಲ್ಲಿ ತಮಿಳಿನ ‘ಚಿಂತಾಮಣಿ’. ಮೂಕಿಯಿಂದ ಟಾಕಿಗೆ ಎಡವದೆ ದಾಟಿದವರು ಬೇಕಿದ್ದರೆ ನಮ್ಮ ಮನೆಯಂಗಳದಲ್ಲೇ ಇದ್ದಾರೆ. ನಟಿ ಲಕ್ಷ್ಮಿಯವರ ತಂದೆ ಇವರೇ.

ರೀಲುಪೆಟ್ಟಿಗೆ:
ಇದನ್ನೆಲ್ಲ ಓದಿ ಹಳೇ ಮೂಕಿ ಹಾಕಿಕೊಂಡು ನೋಡೋರಿಗೆ ಒಂದು ಮಾತು. ಅಂತರ್ಜಾಲದಲ್ಲಿ ಸಿಗೋ ಎಷ್ಟೋ ಪ್ರತಿಗಳು 24ರ ವೇಗದಲ್ಲೇ ಇರುತ್ತವೆ, ಮನುಷ್ಯರು ಬೊಂಬೆ ಹಾಗೆ ಓಡಾಡ್ತಾರೆ. ಅದನ್ನು ನೋಡಿ ಮೂಕಿ ನಟನೆಯೇ ಅತಿರೇಕ ಅಂತ ತೀರ್ಮಾನ ಮಾಡ್ತಾರೆ. ಪ್ಲೇಯರಿನಲ್ಲಿ ವೇಗ 0.75ಕ್ಕೆ ಇಳಿಸಿದರೆ 18 ಫ್ರೇಮಿಗೆ ಬರುತ್ತೆ. ಇನ್ನೂ ಚುರುಕು ಅನ್ನಿಸಿದರೆ 0.67, ಅಂದರೆ ಹೆಚ್ಚುಕಡಿಮೆ 16. ನಡಿಗೆ, ಕಣ್ಣು ಮಿಟುಕಿಸೋದು ಸಹಜ ಆಗೋವರೆಗೆ ಹೊಂದಿಸಿ. 1920ರ ದಶಕದ ಕೊನೆಯ ಚಿತ್ರಗಳನ್ನು ಮಾತ್ರ ತೀರಾ ಇಳಿಸಬೇಡಿ, ಅವು ಆಗಲೇ 22, 24ರ ಹತ್ತಿರ ಓಡುತ್ತಿದ್ದವು.

ಧ್ವನಿಗಾರ:
ಟಾಕಿಗಳಿಗೆ ಹಾಗೆ ಮಾಡಬೇಡಿ ಮತ್ತೆ, ಗಾರ್ಬೋ ಗಂಡಸಾಗಿಬಿಡ್ತಾಳೆ. ಡಿಸ್ಕಿನ ಕಾಲದ ಟಾಕಿಯಲ್ಲಿ ತುಟಿಗೂ ಮಾತಿಗೂ ಹೊಂದದೆ ಇದ್ದರೆ ವೇಗ ಮುಟ್ಟದೆ ದನಿಯನ್ನು ಮಾತ್ರ ಹಿಂದೆ ಮುಂದೆ ಜರುಗಿಸಿ. ರೀಲು ಹರಿದು ಅಂಟಿಸುವಾಗ ನಾಲ್ಕು ಫ್ರೇಮು ಹೋದರೂ ಡಿಸ್ಕು ತನ್ನ ಪಾಡಿಗೆ ಓಡುತ್ತಿತ್ತಲ್ಲ, ಆ ತಪ್ಪು ರೀಲಿನ ಕೊನೆಯವರೆಗೆ ಹಾಗೇ ಉಳಿದಿರುತ್ತೆ. ಮುಂದಿನ ರೀಲಿಗೆ ಮತ್ತೆ ಮೊದಲಿನ ಜಾಗಕ್ಕೆ ತನ್ನಿ.